ನೆರಳಿಗೂ ಮಾಸ್ಕ್ ಹಾಕಬಹುದು, ಆದರೆ ಯಾವ ಮಾಸ್ಕ್?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ಲೇಬಲ್ಲಿಗೂ ವಾಟ್ಸಾಪಿಗೂ ಬೇಕೆಂದು ಫೋಟೋಶಾಪ್‌ನಲ್ಲಿ ಒಂದು ಚಿತ್ರ ಮಾಡುತ್ತಿದ್ದೇನೆ. ಅಡುಗೆಮನೆಯಲ್ಲಿ ತೆಗೆದ ಭರಣಿ ಫೋಟೋದ ಬ್ಯಾಕ್‌ಗ್ರೌಂಡನ್ನು ಲೇಯರ್ ಮಾಸ್ಕ್ ಹಾಕಿ ತೆಗೆದು, ನಮ್ಮ ಜಗಲಿಯ ಫೋಟೋ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ನಾಲ್ಕಾರು ಮಿಡಿ. ಭರಣಿಗೆ ಡ್ರಾಪ್ ಶ್ಯಾಡೋ ಕೊಟ್ಟರೆ ನೆರಳು ಹಿಂದಿನ ಗೋಡೆ ಮೇಲೂ ಬೀಳುತ್ತದೆ. ನನಗೆ ನೆಲದ ಮೇಲೆ ಮಾತ್ರ ಬೇಕು. ಮಾಸ್ಕಿನಲ್ಲಿ ಆ ಜಾಗಕ್ಕೆ ಕಪ್ಪು ಬಳಿದರೆ ಏನೂ ಆಗುವುದಿಲ್ಲ. ಬ್ರಷ್ ಸ್ವಲ್ಪ ಭರಣಿಗೆ ತಾಗಿದರೆ ಭರಣಿಯೇ ತಿಂದುಹೋಗುತ್ತದೆ, ನೆರಳು ಅಲ್ಲೇ ಬಂದು ಕೂರುತ್ತದೆ. ‘ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್’ ಅಂತ ಒಂದು ಟಿಕ್ ಇದೆ ಎಂದು ಯಾರೋ ಹೇಳಿದರು. ಅದನ್ನು ಹಾಕಿದರೆ ನೆರಳು ಪೂರ್ತಿ ಮಾಯ. ಏನು ಮಾಡಲಿ?

ಉತ್ತರ: ನಿಮಗೆ ಆ ಟಿಕ್ ಹೇಳಿಕೊಟ್ಟವರು ತಪ್ಪು ಹೇಳಿಲ್ಲ. ಅರ್ಧ ಹೇಳಿದ್ದಾರೆ, ಅಷ್ಟೆ.

ಮೊದಲು ಫೋಟೋಶಾಪ್ ಯಾವ ಕೆಲಸ ಮೊದಲು ಮಾಡುತ್ತದೆ, ಯಾವುದು ಆಮೇಲೆ ಅನ್ನೋದು ನೋಡೋಣ. ನಿಮ್ಮ ಭರಣಿ ಲೇಯರ್‌ಗೆ, ಅಂದರೆ ಭರಣಿ ಇರುವ ಪದರಕ್ಕೆ, ಮಾಸ್ಕ್ ಇದೆ, ಡ್ರಾಪ್ ಶ್ಯಾಡೋ ಅನ್ನೋ ನೆರಳಿನ ಎಫೆಕ್ಟ್ ಕೂಡ ಇದೆ. ಫೋಟೋಶಾಪ್ ಮೊದಲು ಮಾಸ್ಕ್ ನೋಡುತ್ತದೆ. ಬಿಳಿ ಇರುವಲ್ಲಿ ಚಿತ್ರ ಉಳಿಸುತ್ತದೆ, ಕಪ್ಪು ಇರುವಲ್ಲಿ ಮುಚ್ಚುತ್ತದೆ. ಬೂದು ಇದ್ದರೆ ಅರ್ಧಂಬರ್ಧ. ಹೀಗೆ ಉಳಿದ ಆಕಾರದ ಅಂಚು ಹಿಡಿದು ನೆರಳು ಹಾಕುತ್ತದೆ. ಅಂದರೆ ನೆರಳು ಹುಟ್ಟುವುದು ಮಾಸ್ಕ್ ಆದ ಮೇಲೆ. ರಟ್ಟಿನ ಗೊಂಬೆಯನ್ನು ದೀಪದ ಮುಂದೆ ಹಿಡಿದು ಅದರ ಕಿವಿ ಕತ್ತರಿಸಿ ನೋಡಿ. ಗೋಡೆ ಮೇಲಿನ ನೆರಳಿಗೆ ಕಿವಿ ಹೋಗುತ್ತದೆ, ಆದರೆ ನೆರಳು ಹೋಗುವುದಿಲ್ಲ. ನಿಮ್ಮ ಬ್ರಷ್ ಭರಣಿಗೆ ತಾಗಿದಾಗ ಆಗುತ್ತಿರುವುದು ಇದೇ.

ಇನ್ನು, ನೆರಳಿನ ಮೇಲೆ ಕಪ್ಪು ಬಳಿದರೆ ಏನೂ ಯಾಕೆ ಆಗಲ್ಲ? ಆಲ್ಟ್ ಕೀ ಒತ್ತಿಕೊಂಡು ಮಾಸ್ಕಿನ ಚಿಕ್ಕ ಚೌಕದ ಮೇಲೆ ಕ್ಲಿಕ್ ಮಾಡಿ. ಪರದೆ ತುಂಬ ಮಾಸ್ಕ್ ಕಾಣುತ್ತದೆ. ಭರಣಿಯ ಆಕಾರ ಬಿಳಿ, ಸುತ್ತ ಎಲ್ಲ ಕಪ್ಪು. ನೆರಳು ಬೀಳುವ ಜಾಗ ಆಗಲೇ ಕಪ್ಪು. ಕಪ್ಪಿನ ಮೇಲೆ ಕಪ್ಪು ಬಳಿದರೆ ಏನಾಗಬೇಕು?

ಈಗ ಆ ಟಿಕ್ ವಿಷಯ. ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಲೇಯರ್ ಸ್ಟೈಲ್ ಕಿಟಕಿ ತೆರೆಯುತ್ತದಲ್ವಾ, ಅದರಲ್ಲಿ ‘ಬ್ಲೆಂಡಿಂಗ್ ಆಪ್ಷನ್ಸ್’, ಅದರೊಳಗೆ ‘ಅಡ್ವಾನ್ಸ್ಡ್ ಬ್ಲೆಂಡಿಂಗ್’. ಅಲ್ಲಿದೆ ‘ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್’. ಸಾಮಾನ್ಯವಾಗಿ ಟಿಕ್ ಇರುವುದಿಲ್ಲ. ಟಿಕ್ ಹಾಕಿದರೆ ಮಾಸ್ಕಿನ ಕಪ್ಪು ಚಿತ್ರವನ್ನಷ್ಟೇ ಅಲ್ಲ, ನೆರಳನ್ನೂ ಮುಚ್ಚುತ್ತದೆ. ಹೆಸರಿಗೆ ತಕ್ಕ ಕೆಲಸವೇ. ಆದರೆ ನಿಮ್ಮ ಮಾಸ್ಕಿನಲ್ಲಿ ಭರಣಿ ಬಿಟ್ಟು ಉಳಿದದ್ದೆಲ್ಲ ಕಪ್ಪು. ನೆರಳು ಬೀಳುವುದು ಭರಣಿಯ ಹೊರಗೆ. ಹಾಗಾಗಿ ಇಡೀ ನೆರಳು ಮುಚ್ಚಿಹೋಯಿತು. ಅದು ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿದೆ.

ತೊಂದರೆಯ ಬೇರು ಏನೆಂದರೆ, ಒಂದೇ ಮಾಸ್ಕಿಗೆ ನೀವು ಎರಡು ಕೆಲಸ ಹೇಳುತ್ತಿದ್ದೀರಿ. ಭರಣಿಯನ್ನು ಹಿನ್ನೆಲೆಯಿಂದ ಬಿಡಿಸುವುದು ಒಂದು. ನೆರಳು ಎಲ್ಲಿಯವರೆಗೆ ಹೋಗಬೇಕು ಅನ್ನುವುದು ಇನ್ನೊಂದು. ಮೊದಲನೆಯದು ನೆರಳಿಗಿಂತ ಮುಂಚೆ ಆಗಬೇಕು, ಎರಡನೆಯದು ನೆರಳಾದ ಮೇಲೆ. ಒಂದೇ ಮಾಸ್ಕ್ ಎರಡೂ ಕಡೆ ಇರಲು ಆಗುವುದಿಲ್ಲ. ಇನ್ನೊಂದು ಮಾಸ್ಕ್ ಬೇಕೇ ಬೇಕು.

ಅದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಗ್ರೂಪ್. ಭರಣಿ ಲೇಯರ್ ಆಯ್ದುಕೊಂಡು ಕಂಟ್ರೋಲ್ ಮತ್ತು ಜಿ ಒತ್ತಿ. ಲೇಯರ್ ಒಂದು ಫೋಲ್ಡರ್ ಒಳಗೆ ಹೋಗುತ್ತದೆ. ಈಗ ಆ ಫೋಲ್ಡರ್‌ಗೆ ಒಂದು ಹೊಸ ಮಾಸ್ಕ್ ಹಾಕಿ. ಅದು ಪೂರ್ತಿ ಬಿಳಿಯಾಗಿ ಬರುತ್ತದೆ. ಗ್ರೂಪಿನ ಮಾಸ್ಕ್ ಕೆಲಸ ಮಾಡುವುದು ಒಳಗಿನ ಚಿತ್ರ, ಅದರ ಎಫೆಕ್ಟ್ ಎಲ್ಲ ಸೇರಿದ ಮೇಲೆ. ಹಾಗಾಗಿ ಗೋಡೆ ಮೇಲಿನ ನೆರಳಿಗೆ ಇಲ್ಲಿ ಕಪ್ಪು ಬಳಿದರೆ ನೆರಳು ಸುಮ್ನೆ ಹೋಗುತ್ತದೆ, ಹೊಸ ಅಂಚಿಗೆ ಬಂದು ಕೂರುವುದಿಲ್ಲ. ಒಂದೇ ಎಚ್ಚರ. ಈ ಮಾಸ್ಕ್ ಭರಣಿಯನ್ನೂ ಮುಚ್ಚುತ್ತದೆ. ಬ್ರಷ್ ತಾಗದಿರಲು, ಭರಣಿ ಲೇಯರಿನ ಹಳೆಯ ಮಾಸ್ಕ್ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ. ಭರಣಿಯ ಆಕಾರ ಸೆಲೆಕ್ಟ್ ಆಗುತ್ತದೆ. ಕಂಟ್ರೋಲ್, ಶಿಫ್ಟ್, ಐ ಒತ್ತಿ ಅದನ್ನು ತಿರುಗಿಸಿ. ಈಗ ಭರಣಿಯ ಹೊರಗೆ ಮಾತ್ರ ಬಣ್ಣ ಹತ್ತುತ್ತದೆ. ಧೈರ್ಯವಾಗಿ ಬಳಿಯಬಹುದು.

ಆ ಟಿಕ್ಕನ್ನೇ ಉಪಯೋಗಿಸಬೇಕು ಅಂತಿದ್ದರೆ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ, ಲೇಯರನ್ನು ಮಾಸ್ಕ್ ಸಮೇತ ಒಂದು ಪೊಟ್ಟಣದೊಳಗೆ ಕಟ್ಟಿಟ್ಟ ಹಾಗೆ. ಮೊದಲು ಡ್ರಾಪ್ ಶ್ಯಾಡೋ ತೆಗೆಯಿರಿ, ಇಲ್ಲದಿದ್ದರೆ ಅದೂ ಒಳಗೆ ಹೋಗುತ್ತದೆ. ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕನ್ವರ್ಟ್ ಟು ಸ್ಮಾರ್ಟ್ ಆಬ್ಜೆಕ್ಟ್’ ಕೊಡಿ. ಹಳೆಯ ಮಾಸ್ಕ್ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಹೊಸ ನೆರಳು, ಹೊಸ ಬಿಳಿ ಮಾಸ್ಕ್, ಆಮೇಲೆ ಟಿಕ್. ಈಗ ಅದು ನೀವು ಅಂದುಕೊಂಡ ಹಾಗೆ ಕೆಲಸ ಮಾಡುತ್ತದೆ. ಮೊಬೈಲ್ ಆ್ಯಪಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆದ ಪಿಎನ್‌ಜಿ ಆದರೆ ಇಷ್ಟೂ ಬೇಡ. ಅದಕ್ಕೆ ಮಾಸ್ಕೇ ಇರುವುದಿಲ್ಲ. ಬಿಳಿ ಮಾಸ್ಕ್ ಹಾಕಿ ಟಿಕ್ ಕೊಟ್ಟರೆ ಆಯಿತು. ಫೋಟೋಶಾಪಿನ ‘ರಿಮೂವ್ ಬ್ಯಾಕ್‌ಗ್ರೌಂಡ್’ ಮಾತ್ರ ಮಾಸ್ಕ್ ಹಾಕಿಯೇ ಕೊಡುತ್ತದೆ. ಅಲ್ಲಿ ನಿಮ್ಮದೇ ಸಮಸ್ಯೆ ಮತ್ತೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ನನ್ನನ್ನು ಕೇಳಿದರೆ ಈ ಚಿತ್ರಕ್ಕೆ ಡ್ರಾಪ್ ಶ್ಯಾಡೋನೇ ಬೇಡ.

ಕಾರಣ ಇದೆ. ಡ್ರಾಪ್ ಶ್ಯಾಡೋ ಅನ್ನೋದು ಗೋಡೆಗೆ ಸಮಾನಾಂತರವಾಗಿ, ಸ್ವಲ್ಪ ಮುಂದೆ ತೇಲುತ್ತಿರುವ ಹಾಳೆಗೆ ಬೀಳುವ ನೆರಳು. ಅಕ್ಷರಗಳಿಗೆ, ಚೌಕಟ್ಟಿಗೆ, ಲೇಬಲ್ಲಿನ ಮೇಲಿನ ಹೆಸರಿಗೆ ಚೆನ್ನ. ನಿಮ್ಮ ಭರಣಿ ನೆಲದ ಮೇಲೆ ನಿಂತಿದೆ. ನಿಂತ ವಸ್ತುವಿನ ನೆರಳು ಬುಡದಿಂದ ಶುರುವಾಗಿ ನೆಲದ ಮೇಲೆ ಮಲಗುತ್ತದೆ. ಡ್ರಾಪ್ ಶ್ಯಾಡೋದಲ್ಲಿ ಬುಡಕ್ಕೂ ಮೇಲಿನ ಬಾಯಿಗೂ ಒಂದೇ ದೂರ, ಒಂದೇ ಮಬ್ಬು. ಗೋಡೆ ಮೇಲೆ ಬಿದ್ದದ್ದನ್ನು ಮಾಸ್ಕಿನಿಂದ ಅಳಿಸಿದರೂ ಬುಡದ ಹತ್ತಿರ ಉಳಿಯುವ ತುಂಡು ನೆಲದ ನೆರಳಾಗುವುದಿಲ್ಲ. ಭರಣಿ ತೇಲಿದ ಹಾಗೇ ಕಾಣುತ್ತದೆ. ಗಿರಾಕಿಗೆ ಕಾರಣ ಹೇಳಲು ಬರದಿದ್ದರೂ, ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ.

ಫೋಟೋಶಾಪಿಗೆ ಲೇಯರ್ ಬಂದಿದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಡ್ರಾಪ್ ಶ್ಯಾಡೋದಂಥ ಲೇಯರ್ ಎಫೆಕ್ಟ್ ಬಂದಿದ್ದು 1998ರ ಐದನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ನೆರಳು ಬೇಕಾದವರು ಕೈಯಲ್ಲೇ ಮಾಡುತ್ತಿದ್ದರು. ಆ ಹಳೆಯ ಕ್ರಮವೇ ನಿಮ್ಮ ಭರಣಿಗೆ ಸರಿ.

ಭರಣಿಯ ಮಾಸ್ಕ್ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ಆಕಾರ ಸೆಲೆಕ್ಟ್ ಆಗಲಿ. ಭರಣಿಯ ಕೆಳಗೆ ಒಂದು ಖಾಲಿ ಲೇಯರ್ ಮಾಡಿ, ಅದರಲ್ಲಿ ಆ ಆಕಾರಕ್ಕೆ ಗಾಢ ಬಣ್ಣ ತುಂಬಿ. ಬ್ಲೆಂಡ್ ಮೋಡ್ ‘ಮಲ್ಟಿಪ್ಲೈ’ ಇಡಿ, ಅದು ಕೆಳಗಿನ ಚಿತ್ರವನ್ನು ಮುಚ್ಚದೆ ಗಾಢ ಮಾಡುತ್ತದೆ. ಆಮೇಲೆ ಕಂಟ್ರೋಲ್ ಮತ್ತು ಟಿ ಒತ್ತಿ, ರೈಟ್ ಕ್ಲಿಕ್ ಮಾಡಿ ‘ಡಿಸ್ಟಾರ್ಟ್’ ಆಯ್ದು, ಮೇಲಿನ ಎರಡು ಮೂಲೆ ಹಿಡಿದು ನೆಲದ ಕಡೆ ಎಳೆಯಿರಿ. ಆಕಾರ ಮಲಗುತ್ತದೆ. ಬುಡ ಕೂಡಿಸುವಾಗ ಸ್ವಲ್ಪ ನಿಧಾನ. ಫೋಟೋ ತುಸು ಮೇಲಿನಿಂದ ತೆಗೆದದ್ದಾದರೆ ಭರಣಿಯ ತಳ ದುಂಡಗೆ ಬಾಗಿ ಕಾಣುತ್ತದೆ. ನೆರಳು ಆ ಬಾಗಿನ ಮುಂದಿನ ತುದಿಯಿಂದ ಹೊರಡುವುದಿಲ್ಲ, ತಳದ ಎರಡು ಪಕ್ಕದಿಂದ ಹೊರಡುತ್ತದೆ. ಹಾಗಾಗಿ ನೆರಳಿನ ಲೇಯರನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಅದರ ಬುಡ ಭರಣಿಯ ಹಿಂದೆ ಅಡಗಲಿ.

ಬಣ್ಣ ಕಪ್ಪು ಬೇಡ. ನಿಮ್ಮ ಜಗಲಿಯದು ಕೆಂಪು ನೆಲ ಅಂತಾದರೆ ಅದರ ನೆರಳು ಕಡುಗೆಂಪು ಕಂದು. ಅದೇ ಫೋಟೋದಲ್ಲಿ ಕಂಬದ ಬುಡ ನೋಡಿ. ಅಲ್ಲಿ ನಿಜವಾದ ನೆರಳು ಇದೆ. ಐಡ್ರಾಪರಿನಿಂದ ಅಲ್ಲಿಯ ಬಣ್ಣ ತೆಗೆದುಕೊಂಡು ಒಪ್ಯಾಸಿಟಿ ಹೊಂದಿಸಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನೋದನ್ನೂ ಆ ಕಂಬವೇ ಹೇಳುತ್ತದೆ. ಅಡುಗೆಮನೆಯ ಕಿಟಕಿ ಬೆಳಕು ಭರಣಿಯ ಎಡಕ್ಕೆ ಬಿದ್ದಿದ್ದು, ಜಗಲಿ ಬೆಳಕು ಬಲದಿಂದ ಬಂದಿದ್ದರೆ ಯಾವ ಮಾಸ್ಕೂ ಉಳಿಸುವುದಿಲ್ಲ. ಆಗ ಭರಣಿಯನ್ನು ಅಡ್ಡಕ್ಕೆ ಫ್ಲಿಪ್ ಮಾಡಿ. ಮೇಲೆ ಅಕ್ಷರ ಇಲ್ಲದಿದ್ದರೆ ಯಾರಿಗೂ ಗೊತ್ತಾಗಲ್ಲ.

ನೆರಳು ಎಷ್ಟು ಮಬ್ಬಾಗಿರಬೇಕು? ಇದನ್ನು ಜಾಸ್ತಿ ಜನ ಅಂದಾಜಿನಲ್ಲಿ ಮಾಡುತ್ತಾರೆ, ಆದರೆ ಲೆಕ್ಕ ಇದೆ. ಸೂರ್ಯ ಆಕಾಶದಲ್ಲಿ ಚುಕ್ಕಿಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳಿನ ಅಂಚು, ವಸ್ತುವಿನಿಂದ ಒಂದು ಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು 9 ಮಿಲಿಮೀಟರ್ ಮಬ್ಬಾಗುತ್ತದೆ. ಒಂದಡಿ ಎತ್ತರದ ಭರಣಿಯ ಬಾಯಿಯ ನೆರಳು, ಬಿಸಿಲು 45 ಡಿಗ್ರಿ ಇದ್ದಾಗ, 4 ಮಿಲಿಮೀಟರ್ ಮಬ್ಬು. ಬುಡದಲ್ಲಿ ಮಬ್ಬೇ ಇಲ್ಲ. ಚಿತ್ರದಲ್ಲಿ ಭರಣಿ 1500 ಪಿಕ್ಸೆಲ್ ಎತ್ತರ ಇದ್ದರೆ ಆ 4 ಮಿಲಿಮೀಟರ್ ಅಂದರೆ 20 ಪಿಕ್ಸೆಲ್ ಅಗಲದ ಅಂಚು. ಮಬ್ಬು ಮಾಡುವ ‘ಗೌಸಿಯನ್ ಬ್ಲರ್’ ಫಿಲ್ಟರಿನಲ್ಲಿ ರೇಡಿಯಸ್ 5–6 ಸಾಕು. ಉದ್ದವೂ ಹಾಗೇ. 45 ಡಿಗ್ರಿಯಲ್ಲಿ ನೆರಳು ಭರಣಿಯಷ್ಟೇ ಉದ್ದ, ಬಿಸಿಲು 30 ಡಿಗ್ರಿಗೆ ಇಳಿದರೆ 1.7 ಪಟ್ಟು.

ಆದರೆ ಇದು ಅಂಗಳದ ಬಿಸಿಲಿನ ಲೆಕ್ಕ. ನಿಮ್ಮದು ಜಗಲಿ. ಮಲೆನಾಡಿನ ಮನೆಯ ಸೂರು ಎಷ್ಟು ಕೆಳಗೆ ಇಳಿದಿರುತ್ತದೆ ಗೊತ್ತಲ್ಲ, ಮಳೆ ಒಳಗೆ ಹೊಡೆಯಬಾರದು ಅಂತ. ಅಲ್ಲಿಗೆ ನೇರ ಬಿಸಿಲು ಬರುವುದು ಕಡಿಮೆ. ಬರುವುದು ಅಂಗಳದ ಮೇಲಿನ ತೆರೆದ ಆಕಾಶದ ಬೆಳಕು. ಬೆಳಕಿನ ಮೂಲ ಅಷ್ಟು ಅಗಲವಾದಾಗ ನೆರಳಿಗೆ ಅಂಚೇ ಇರುವುದಿಲ್ಲ. ಬುಡದಲ್ಲಿ ಗಾಢ, ಅಲ್ಲಿಂದ ಬೇಗ ಕರಗಿ ಹೋಗುತ್ತದೆ. ಆಷಾಢದ ಮೋಡದಲ್ಲಿ ತೆಗೆದ ಫೋಟೋ ಆದರಂತೂ ಬುಡದ ಗೆರೆ ಬಿಟ್ಟರೆ ನೆರಳೇ ಕಾಣುವುದಿಲ್ಲ. ಅಂಥ ಚಿತ್ರಕ್ಕೆ ಉದ್ದನೆಯ ಕಡಕ್ ನೆರಳು ಕೊಟ್ಟರೆ ಭರಣಿ ಬೇರೆ ಊರಿನದ್ದು ಅಂತ ಅದೇ ಹೇಳಿಬಿಡುತ್ತದೆ.

ಹಾಗಾಗಿ ಎರಡು ನೆರಳು ಮಾಡಿ, ಎರಡು ಲೇಯರ್. ಒಂದು ಬುಡದ್ದು. ತಳ ನೆಲಕ್ಕೆ ತಾಗುವಲ್ಲಿ ತೆಳ್ಳನೆಯ, ಗಾಢವಾದ ಗೆರೆ. ಭರಣಿ ಭಾರ ಇದೆ, ಅಲ್ಲೇ ಕೂತಿದೆ ಅಂತ ಕಣ್ಣಿಗೆ ಅನ್ನಿಸುವುದು ಈ ಗೆರೆಯಿಂದ. ಇದನ್ನು ಬಿಟ್ಟು ಉಳಿದದ್ದೆಲ್ಲ ಸರಿ ಮಾಡಿದರೂ ಚಿತ್ರ ಕೂರುವುದಿಲ್ಲ. ಇನ್ನೊಂದು ಮಲಗಿದ ನೆರಳು, ತೆಳು, ಮಬ್ಬು. ಮಬ್ಬು ಬುಡದಿಂದ ತುದಿಗೆ ಹೆಚ್ಚುತ್ತಾ ಹೋಗಬೇಕು. ಅದಕ್ಕೆ ‘ಬ್ಲರ್ ಗ್ಯಾಲರಿ’ಯಲ್ಲಿ ‘ಫೀಲ್ಡ್ ಬ್ಲರ್’ ಇದೆ. ಬುಡದಲ್ಲಿ ಒಂದು ಪಿನ್ ಇಟ್ಟು ಕಡಿಮೆ ಕೊಡಿ, ತುದಿಯಲ್ಲಿ ಇನ್ನೊಂದು ಇಟ್ಟು ಜಾಸ್ತಿ ಕೊಡಿ. ನಡುವಿನದನ್ನು ಅದೇ ನೋಡಿಕೊಳ್ಳುತ್ತದೆ.

ಈಗ ಮಾಸ್ಕುಗಳಿಗೆ ನಿಜವಾದ ಕೆಲಸ. ಮಲಗಿದ ನೆರಳಿನ ಲೇಯರ್‌ಗೆ ಒಂದು ಮಾಸ್ಕ್ ಹಾಕಿ, ಗ್ರೇಡಿಯೆಂಟ್ ಟೂಲಿನಿಂದ ಬುಡದ ಕಡೆ ಬಿಳಿ, ತುದಿಯ ಕಡೆ ಕಪ್ಪು ಎಳೆಯಿರಿ. ನೆರಳು ದೂರ ಹೋದಂತೆ ಕರಗುತ್ತದೆ. ಜಾಸ್ತಿ ಕರಗಿತು ಅನ್ನಿಸಿದರೆ ಮತ್ತೆ ಎಳೆಯುವುದು ಬೇಡ, ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಮಾಸ್ಕಿನ ‘ಡೆನ್ಸಿಟಿ’ ಇಳಿಸಿ. ಗೋಡೆಯ ಗಡಿಗೆ ಇನ್ನೊಂದು ಮಾಸ್ಕ್ ಬೇಕು. ಎರಡೂ ನೆರಳನ್ನು ಒಂದು ಗ್ರೂಪ್ ಮಾಡಿ, ಮಾಸ್ಕನ್ನು ಗ್ರೂಪಿಗೆ ಹಾಕಿ. ಪಾಲಿಗಾನಲ್ ಲಾಸೊದಿಂದ ನೆಲ, ಗೋಡೆ ಸೇರುವ ಗೆರೆಯಿಂದ ಮೇಲೆ ಸೆಲೆಕ್ಟ್ ಮಾಡಿ ಕಪ್ಪು ತುಂಬಿ. ಇದನ್ನು ಗ್ರೂಪಿಗೇ ಹಾಕಲು ಕಾರಣ ಇದೆ. ಆಮೇಲೆ ನೆರಳನ್ನು ಆಚೀಚೆ ಸರಿಸುತ್ತೀರಿ, ಸರಿಸದೇ ಇರುವುದಿಲ್ಲ. ಮಾಸ್ಕ್ ಲೇಯರ್‌ಗೇ ಇದ್ದರೆ ಅದೂ ಜೊತೆಗೆ ಸರಿದು ಗಡಿ ತಪ್ಪುತ್ತದೆ. ಗ್ರೂಪಿನದ್ದಾದರೆ ಗೋಡೆ ಇದ್ದಲ್ಲೇ ಇರುತ್ತದೆ.

ಒಂದು ಮಾತು. ಗೋಡೆ ಮೇಲಿನ ನೆರಳು ಯಾವಾಗಲೂ ತಪ್ಪಲ್ಲ. ಭರಣಿ ಗೋಡೆಗೆ ಹತ್ತಿರ ಇದ್ದು, ಬೆಳಕು ಮುಂದಿನಿಂದ ಬಂದರೆ ನೆರಳು ನೆಲದ ಮೇಲೆ ಹೋಗಿ, ಗೋಡೆ ಸಿಕ್ಕಿದಲ್ಲಿ ಮಡಚಿಕೊಂಡು ಮೇಲಕ್ಕೆ ಏರಬೇಕು. ಗಡಿಯಲ್ಲೇ ಪಕ್ಕನೆ ನಿಂತರೆ ಅದೂ ಸುಳ್ಳು. ಹಾಗಾಗಿ ಗ್ರೂಪಿನ ಮಾಸ್ಕಿನಲ್ಲಿ ಕಡುಗಪ್ಪು ತುಂಬುವ ಮುಂಚೆ ನೆರಳು ಅಲ್ಲಿಗೆ ಮುಟ್ಟುತ್ತದೆಯೇ ನೋಡಿ. ಗ್ರೇಡಿಯೆಂಟಿನಲ್ಲೇ ಅದು ಅಷ್ಟರೊಳಗೆ ಕರಗುವಂತಿದ್ದರೆ ಎರಡನೇ ಮಾಸ್ಕೇ ಬೇಡ.

ಇನ್ನು ಮಿಡಿಗಳು. ಭರಣಿಗಿಂತ ಇವೇ ಕಷ್ಟ, ತೊಟ್ಟಿನಿಂದಾಗಿ. ಬ್ಯಾಕ್‌ಗ್ರೌಂಡ್ ತೆಗೆಯುವ ಯಾವ ಆಟೊಮ್ಯಾಟಿಕ್ ಟೂಲ್ ಆದರೂ ತೆಳ್ಳನೆಯ ತೊಟ್ಟನ್ನು ಅರ್ಧಕ್ಕೆ ಕತ್ತರಿಸಿಬಿಡಬಹುದು. ತೊಟ್ಟು ಮುರಿದ ಮಿಡಿಯನ್ನು ನಮ್ಮ ಕಡೆ ಯಾರು ಕೊಳ್ಳುತ್ತಾರೆ ಹೇಳಿ! ಸೊನೆ ಹೋದ ಮಿಡಿ ಅಂತ ನೋಡಿದ ಕೂಡಲೇ ಪಕ್ಕಕ್ಕೆ ಇಡುತ್ತಾರೆ. ಚಿತ್ರವನ್ನು 200 ಪರ್ಸೆಂಟಿಗೆ ಝೂಮ್ ಮಾಡಿಕೊಂಡು, 3–4 ಪಿಕ್ಸೆಲಿನ ಬ್ರಷ್‌ನಿಂದ ಮಾಸ್ಕಿನಲ್ಲಿ ಬಿಳಿ ಬಳಿದು ತೊಟ್ಟನ್ನು ವಾಪಸ್ ತನ್ನಿ. ಅಳಿಸಿಲ್ಲ, ಮುಚ್ಚಿದ್ದು ಅಷ್ಟೇ, ಹಾಗಾಗಿ ಬರುತ್ತದೆ. ಇದನ್ನು ನೆರಳು ಮಾಡುವ ಮುಂಚೆಯೇ ಮಾಡಿ. ಆಕಾರದಿಂದ ನೆರಳು ಮಾಡುವುದರಿಂದ ತೊಟ್ಟಿಲ್ಲದ ಮಾಸ್ಕಿನಿಂದ ತೊಟ್ಟಿಲ್ಲದ ನೆರಳೇ ಹುಟ್ಟುತ್ತದೆ. ಮಿಡಿ ದುಂಡಗಿರುವುದರಿಂದ ನೆಲಕ್ಕೆ ತಾಗುವ ಜಾಗ ಚಿಕ್ಕದು. ಬುಡದ ಗಾಢ ನೆರಳು ಅಲ್ಲಿಗಷ್ಟೇ ಸಾಕು. ಒಂದು ಮಿಡಿಯ ನೆರಳು ಪಕ್ಕದ ಮಿಡಿಯ ಮೇಲೆ ಬೀಳುವಲ್ಲಿ ಹೊಸ ಲೇಯರ್ ಮಾಡಿ, ಮಲ್ಟಿಪ್ಲೈನಲ್ಲಿ ಮೆತ್ತನೆಯ ಬ್ರಷ್‌ನಿಂದ ಬಳಿದು, ಆ ಮಿಡಿಗೆ ಕ್ಲಿಪ್ ಮಾಡಿ. ಎರಡು ಲೇಯರಿನ ನಡುವಿನ ಗೆರೆ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿದರೆ ಕ್ಲಿಪ್ ಆಗುತ್ತದೆ. ಆಗ ನೆರಳು ಆ ಮಿಡಿಯ ಹೊರಗೆ ಹೋಗುವುದಿಲ್ಲ.

ಬಳಿಯುವಾಗ ಕೈ ತಪ್ಪುವುದು ಒಂದೇ ಕಾರಣಕ್ಕೆ. ಮಾಸ್ಕ್ ಆಯ್ದುಕೊಂಡಿದ್ದೇವೆ ಅಂದುಕೊಂಡು ಚಿತ್ರದ ಮೇಲೇ ಕಪ್ಪು ಬಳಿಯುತ್ತೇವೆ. ಯಾವ ಚೌಕಕ್ಕೆ ಅಂಚುಗೆರೆ ಇದೆ ಅಂತ ಪ್ರತಿ ಸಲ ನೋಡಿ. ಬ್ರಷ್ ಹಾರ್ಡ್‌ನೆಸ್ ಸೊನ್ನೆ, ಫ್ಲೋ 10ರ ಆಸುಪಾಸು ಇಟ್ಟು ಸ್ವಲ್ಪ ಸ್ವಲ್ಪವೇ ಬಳಿಯಿರಿ. ಡಿ ಒತ್ತಿದರೆ ಕಪ್ಪು ಬಿಳಿ ಬರುತ್ತವೆ, ಎಕ್ಸ್ ಒತ್ತಿದರೆ ಅದಲು ಬದಲು. ಮಾಸ್ಕ್ ಎಲ್ಲಿದೆ ಅಂತ ಚಿತ್ರದ ಮೇಲೇ ನೋಡಲು ಬ್ಯಾಕ್‌ಸ್ಲ್ಯಾಶ್ ಕೀ ಇದೆ, ಕೆಂಪು ಪದರವಾಗಿ ತೋರಿಸುತ್ತದೆ. ನಿಮ್ಮ ನೆಲವೂ ಕೆಂಪಾದರೆ ಏನೂ ಕಾಣಲಿಕ್ಕಿಲ್ಲ. ಆಗ ಮಾಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಮಾಸ್ಕ್ ಆಪ್ಷನ್ಸ್‌ನಲ್ಲಿ ಆ ಬಣ್ಣವನ್ನು ಹಸಿರಿಗೆ ಬದಲಿಸಿ.

ಫೋಟೋಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ಉಪ್ಪಿನಕಾಯಿ ಲಾಭದಲ್ಲಿ ಹೊರೆ ಅನ್ನಿಸಿದರೆ ಫೋಟೊಪಿ ನೋಡಿ. ಬ್ರೌಸರಿನಲ್ಲೇ ತೆರೆಯುತ್ತದೆ, ಫೋಟೋಶಾಪಿನ ಪಿಎಸ್‌ಡಿ ಫೈಲ್ ಓದುತ್ತದೆ, ಗ್ರೂಪಿಗೆ ಮಾಸ್ಕ್ ಹಾಕುವ ಮೇಲಿನ ಕ್ರಮ ಅಲ್ಲೂ ನಡೆಯುತ್ತದೆ. ಉಚಿತವಾದ ಗಿಂಪ್ ಕೂಡ ಆಗುತ್ತದೆ. ಕೈಯಲ್ಲಿ ನೆರಳು ಮಾಡುವ ವಿಧಾನಕ್ಕೆ ಸಾಫ್ಟ್‌ವೇರ್ ಯಾವುದಾದರೇನು, ಲೇಯರ್, ಮಾಸ್ಕ್, ಮಲ್ಟಿಪ್ಲೈ ಮೂರು ಇದ್ದರೆ ಸಾಕು.

ಕೊನೆಗೆ ಲೇಬಲ್ ಅಳತೆ. 6 ಸೆಂಟಿಮೀಟರ್ ಅಗಲದ ಲೇಬಲ್ಲಿಗೆ 300 ಡಿಪಿಐಯಲ್ಲಿ ಬೇಕಾಗುವುದು ಸುಮಾರು 709 ಪಿಕ್ಸೆಲ್. ಹೆಸರಿನ ಅಕ್ಷರಗಳಿಗೆ ಡ್ರಾಪ್ ಶ್ಯಾಡೋ ಉಳಿಸಿಕೊಂಡಿದ್ದರೆ, ದೊಡ್ಡ ಚಿತ್ರವನ್ನು ಇಳಿಸುವಾಗ ‘ಇಮೇಜ್ ಸೈಜ್’ ಕಿಟಕಿಯ ಗಿಯರ್ ಗುರುತಿನಲ್ಲಿ ‘ಸ್ಕೇಲ್ ಸ್ಟೈಲ್ಸ್’ ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಅಕ್ಷರ ಚಿಕ್ಕದಾಗಿ ನೆರಳು ಮಾತ್ರ ಮೊದಲಿನಷ್ಟೇ ದಪ್ಪ ಉಳಿಯುತ್ತದೆ. ವಾಟ್ಸಾಪಿಗೆ ಕಳಿಸುವ ಪ್ರತಿಯಲ್ಲಿ ಮೆತ್ತನೆಯ ನೆರಳು ಪಟ್ಟೆ ಪಟ್ಟೆಯಾಗಿ ಒಡೆಯಬಹುದು. ನೆರಳಿನ ಲೇಯರ್‌ಗೆ 1 ಪರ್ಸೆಂಟ್ ‘ಆ್ಯಡ್ ನಾಯ್ಸ್’ ಕೊಟ್ಟರೆ ಅದು ಕಡಿಮೆಯಾಗುತ್ತದೆ. ಪ್ರೆಸ್ಸಿನವರಿಗೆ ಕಳಿಸುವಾಗ ಮಾತ್ರ ಫೋಟೋ ಆಗಿ ಕಳಿಸಬೇಡಿ, ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಲೇಯರುಗಳಿರುವ ಪಿಎಸ್‌ಡಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.